ಡಿಪೋದ ಪದ್ಧತಿ ಬರಹಕ್ಕಿಳಿಯಲಿ

ಕಳೆದ ಕೊಯಿಲಿನಲ್ಲಿ ನಮ್ಮ ಡಿಪೋದ ಹಳೆಯ ಗುಮಾಸ್ತರು ಹದಿನೈದು ದಿನ ರಜೆಯಲ್ಲಿದ್ದರು. ಅವರು ಪ್ರತಿ ಚೀಲಕ್ಕೂ ಸಲಾಕೆ ಚುಚ್ಚಿ, ಬಂದದ್ದನ್ನೆಲ್ಲ ಬೆರೆಸಿ ಮಾದರಿ ತೆಗೆಯುವವರು. ಬದಲಿಗೆ ಬಂದ ಹುಡುಗ ಮೇಲಿನ ಎರಡು ಚೀಲದ ಬಾಯಿ ಬಿಚ್ಚಿ ಒಂದೊಂದು ಬೊಗಸೆ ತೆಗೆದ. ಒಂದೇ ಕಣದಲ್ಲಿ ಒಣಗಿದ ಚೆರಿಗೆ ಅವರ ಕೈಯಲ್ಲಿ ಔಟ್‌ಟರ್ನ್ 27 ಬಂದಿತ್ತು, ಇವನ ಕೈಯಲ್ಲಿ 26. ಹುಡುಗನದು ತಪ್ಪೆನ್ನಲಾರೆವು. ಹೀಗೆಯೇ ಮಾಡಬೇಕೆಂದು ಅವನಿಗೆ ತೋರಿಸಲು ಡಿಪೋದಲ್ಲಿ ಒಂದು ಚೀಟಿಯೂ ಇರಲಿಲ್ಲ.

50 ಕಿಲೋ ಚೆರಿ ಸುಲಿದರೆ ಎಷ್ಟು ಕಿಲೋ ಬೀಜ ಎಂಬುದೇ ಔಟ್‌ಟರ್ನ್. ಅದರಲ್ಲಿ ಒಂದು ಅಂಕಿ ಇಳಿದರೆ, 20 ಚೀಲ ತಂದ ಸಣ್ಣ ಬೆಳೆಗಾರ 20 ಕಿಲೋ ಬೀಜದ ಹಣ ಬಿಟ್ಟು ಮನೆಗೆ ಹೋದಂತೆ. ಜಗಳವಾಡೋಣವೆಂದರೆ ಯಾವ ನಿಯಮವನ್ನು ಹಿಡಿದು ಆಡುವುದು?

ಪೂಲು ಇದ್ದಷ್ಟು ಕಾಲ ಒಳ್ಳೆಯದೋ ಕೆಟ್ಟದ್ದೋ ಕಾಫಿ ಮಂಡಳಿಯ ಕಟ್ಟಳೆ ಎಲ್ಲರಿಗೂ ಒಂದೇ ಆಗಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಕೊಳ್ಳುವವನ ಪದ್ಧತಿಯೇ ಪದ್ಧತಿ. ಖಾಸಗಿ ವ್ಯಾಪಾರಿ ಹಾಗಿದ್ದಾನೆಂದರೆ ಆಶ್ಚರ್ಯವಿಲ್ಲ. ನಮ್ಮದೇ ಸಂಘ ಹಾಗಿರಬೇಕೆ?

ಅಡಿಕೆಯ ಕಡೆಯೂ ಇದೇ ಕಥೆ. ಚಾಲಿಯಲ್ಲಿ ಪಟೋರ, ಉಳ್ಳಿಗಡ್ಡೆ, ಕೋಕ ಎಂದು ಬೇರ್ಪಡಿಸುವುದು ಬರಿಯ ಕಣ್ಣಳತೆ. ಪ್ರತಿ ದರ್ಜೆಯ ಮಾದರಿಯನ್ನು ಸೀಸೆಯಲ್ಲಿ ಹಾಕಿ, ಮೊಹರು ಮಾಡಿ, ತಾರೀಕು ಬರೆದು ಮೇಜಿನ ಮೇಲಿಟ್ಟರೆ ಅರ್ಧ ತಕರಾರು ಅಲ್ಲಿಯೇ ತೀರುತ್ತದೆ. 1959ರ ಸಹಕಾರ ಸಂಘಗಳ ಕಾಯ್ದೆಯಂತೆ ಲೆಕ್ಕಪರಿಶೋಧನೆ ನಡೆಯುತ್ತದೆ, ನಿಜ. ಆದರೆ ಅದು ನೋಡುವುದು ಖಾತೆಯನ್ನು, ಸಲಾಕೆಯನ್ನಲ್ಲ.

ನಾವು ಕೇಳುವುದು ಒಂದು ಪುಸ್ತಕ. ಮಾದರಿ ತೆಗೆಯುವ ಬಗೆ, ಗೋಣಿಯ ತೂಕಕ್ಕೆಂದು ಕಳೆಯುವುದೆಷ್ಟು, ತೇವಾಂಶದ ಮೀಟರನ್ನು ಎಂದು, ಯಾರು ಪರೀಕ್ಷಿಸಿದರು, ಇಷ್ಟಾದರೂ ಅದರಲ್ಲಿರಲಿ. ಪದ್ಧತಿ ಬದಲಾದರೆ ಹಳೆಯದನ್ನು ಗೀಚಿ ಅಳಿಸಬಾರದು. ಕೆಳಗೆ ಹೊಸದನ್ನು, ತಾರೀಕು ಮತ್ತು ಆಡಳಿತ ಮಂಡಳಿಯ ಠರಾವಿನ ಸಂಖ್ಯೆಯೊಡನೆ ಬರೆಯಬೇಕು. ಪ್ರತಿಯೊಂದನ್ನು ಗೋಡೆಗೆ ಅಂಟಿಸಬೇಕು. ಹಿಂದೊಮ್ಮೆ ಇಟ್ಟ ದೂರು ಪುಸ್ತಕದ ಹಾಳೆಗಳಲ್ಲಿ ಈಗ ಚಹಾದ ಲೆಕ್ಕವಿರುವುದನ್ನು ನಾವೇ ಕಂಡಿದ್ದೇವೆ. ಆದ್ದರಿಂದ ತಿಂಗಳಿಗೊಮ್ಮೆ ನಿರ್ದೇಶಕರೊಬ್ಬರು ಡಿಪೋದಲ್ಲಿ ನಿಂತು, ಬರೆದಂತೆ ನಡೆದಿದೆಯೇ ಎಂದು ನೋಡಿ ರುಜು ಹಾಕಲಿ.

ಬರೆದಿಟ್ಟರೆ ಕೈ ಕಟ್ಟಿಹಾಕಿದಂತೆ ಎಂದು ಆಡಳಿತದವರೊಬ್ಬರು ಹೇಳಿದರು. ಬೆಳೆಗಾರನ ಕೈ ಈಗಾಗಲೇ ಕಟ್ಟಿದೆಯಲ್ಲ! ಈ ವಿಷಯವನ್ನು ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಅರ್ಜಿ ಕೊಟ್ಟಿದ್ದೇವೆ. ಸದಸ್ಯ ಬಾಂಧವರು ಅಂದು ಬರುವಾಗ ತಮ್ಮ ಹಳೆಯ ತೂಕದ ಚೀಟಿಗಳನ್ನು ಮರೆಯದೆ ತರಬೇಕು.