ಮೊಬೈಲ್ ಕದ್ದವನು ಖರ್ಚು ಮಾಡಿದ ಹಣಕ್ಕೆ ಹೊಣೆ ಯಾರು?

ಮೊಬೈಲ್ ಕಳುವಾದಾಗ ನಾವೆಲ್ಲ ಮೊದಲು ಲೆಕ್ಕ ಹಾಕುವುದು ಆ ಫೋನಿನ ಬೆಲೆಯನ್ನು. ಹದಿನೈದು ಸಾವಿರವೋ ಇಪ್ಪತ್ತು ಸಾವಿರವೋ ಹೋಯಿತು ಎಂದು ಕೊರಗುತ್ತೇವೆ. ನಿಜವಾದ ಪೆಟ್ಟು ಎಷ್ಟೋ ಸಲ ಆಮೇಲೆ ಬೀಳುತ್ತದೆ. ಮರುದಿನ ಪಾಸ್‌ಬುಕ್ ನೋಡಿದರೆ ಖಾತೆಯಲ್ಲಿದ್ದ ಹಣ ನಾಲ್ಕೈದು ಕಂತಿನಲ್ಲಿ ಹೊರಟುಹೋಗಿರುತ್ತದೆ. ಪೋಸ್ಟ್‌ಪೇಯ್ಡ್ ಸಂಪರ್ಕವಿದ್ದರೆ ತಿಂಗಳ ಕೊನೆಗೆ ಹತ್ತು ಪಟ್ಟು ಬಿಲ್ ಬಂದಿರುತ್ತದೆ. ಬ್ಯಾಂಕಿಗೆ ಹೋದರೆ "ನಿಮ್ಮ ಪಿನ್ ಹಾಕಿಯೇ ವ್ಯವಹಾರ ಆಗಿದೆ, ನಾವೇನೂ ಮಾಡೋಕಾಗಲ್ಲ" ಎನ್ನುತ್ತಾರೆ. ಮೊಬೈಲ್ ಕಂಪನಿಗೆ ಕೇಳಿದರೆ "ನಿಮ್ಮ ನಂಬರಿನಿಂದಲೇ ಕರೆ ಹೋಗಿದೆ, ಕಟ್ಟಲೇಬೇಕು" ಎನ್ನುತ್ತಾರೆ. ಹೆಚ್ಚಿನವರು ಅಲ್ಲಿಗೇ ಕೈಚೆಲ್ಲುತ್ತಾರೆ.

ಈ ಎರಡು ಉತ್ತರಗಳೂ ಪೂರ್ತಿ ಸರಿಯಲ್ಲ. ಕಾನೂನು ಮತ್ತು ನಿಯಮಗಳು ಗ್ರಾಹಕರಿಗೆ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು ರಕ್ಷಣೆ ಕೊಟ್ಟಿವೆ. ಆದರೆ ಆ ರಕ್ಷಣೆ ಗಡಿಯಾರಕ್ಕೆ ಕಟ್ಟಿಕೊಂಡಿದೆ. ಅದು ಹೇಗೆ ಎಂಬುದನ್ನು ನೋಡೋಣ.

ಲಾಕ್ ಇದ್ದರೂ ಹಣ ಹೇಗೆ ಹೋಗುತ್ತದೆ?

"ನನ್ನ ಫೋನಿಗೆ ಬೆರಳಚ್ಚು ಲಾಕ್ ಇದೆ, ಕದ್ದವನಿಗೆ ಏನೂ ಸಿಗಲ್ಲ" ಎಂಬ ನಂಬಿಕೆ ಬಹಳ ಜನರಲ್ಲಿದೆ. ಲಾಕ್ ಇರುವುದು ಫೋನಿಗೆ. ಸಿಮ್ ಕಾರ್ಡಿಗೆ ಅಲ್ಲ. ಕಳ್ಳ ಆ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ನಿಮ್ಮ ಎಲ್ಲ ಒಟಿಪಿಗಳೂ ಅವನ ಕೈಗೆ ಬರುತ್ತವೆ.

ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ನೋಂದಣಿಯಾಗುವುದು ಆ ಸಿಮ್‌ನಿಂದ ಹೋಗುವ ಒಂದು ಎಸ್ಎಂಎಸ್ ಮೂಲಕ. ಅಲ್ಲಿಗೆ ಆ ನಂಬರಿಗೆ ಜೋಡಿಸಿದ ಬ್ಯಾಂಕ್ ಖಾತೆಗಳು ಪತ್ತೆಯಾಗುತ್ತವೆ. ಮುಂದೆ ಬೇಕಾದ್ದು ಯುಪಿಐ ಪಿನ್. ಪಿನ್ ಗೊತ್ತಿಲ್ಲದಿದ್ದರೆ ಹೊಸದಾಗಿ ಇಡಬಹುದು. ಅದಕ್ಕೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ಒಟಿಪಿ ಸಾಕು. ಈಗ ಅನೇಕ ಬ್ಯಾಂಕುಗಳಲ್ಲಿ ಕಾರ್ಡಿಲ್ಲದೆ ಆಧಾರ್ ಒಟಿಪಿಯ ಮೂಲಕವೂ ಪಿನ್ ಇಡಬಹುದು. ನಮ್ಮಲ್ಲಿ ಎಷ್ಟು ಜನ ಎಟಿಎಂ ಕಾರ್ಡನ್ನೂ ಆಧಾರ್ ಕಾರ್ಡನ್ನೂ ಫೋನಿನ ಹಿಂಬದಿ ಕವರಿನಲ್ಲೇ ಇಟ್ಟುಕೊಂಡು ಓಡಾಡುತ್ತೇವೆ ಎಂಬುದನ್ನು ಒಮ್ಮೆ ಯೋಚಿಸಿ. ಬೀಗವನ್ನೂ ಕೀಲಿಯನ್ನೂ ಒಂದೇ ಚೀಲದಲ್ಲಿ ಹಾಕಿ ಕಳ್ಳನ ಕೈಗೆ ಕೊಟ್ಟಂತೆ. ಇದಲ್ಲದೆ ಯುಪಿಐ ಲೈಟ್‌ನಂತಹ ಸಣ್ಣ ಮೊತ್ತದ ಸೌಲಭ್ಯಕ್ಕೆ ಪಿನ್ ಕೇಳುವುದೇ ಇಲ್ಲ.

ಐಎಂಇಐ ಬ್ಲಾಕ್ ಮಾಡಿದರೆ ಎಲ್ಲ ಮುಗಿಯಿತೇ?

ಇಲ್ಲ. ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಫೋನಿನ ಗುರುತು. ಸಿಮ್ ನಿಮ್ಮ ನಂಬರಿನ ಗುರುತು. ಇವೆರಡೂ ಬೇರೆ ಬೇರೆ. 2023ರ ಮೇ ತಿಂಗಳಲ್ಲಿ ದೇಶದಾದ್ಯಂತ ಶುರುವಾದ ಸಂಚಾರ ಸಾಥಿ ಜಾಲತಾಣದಲ್ಲಿ ಸಿಇಐಆರ್ ವ್ಯವಸ್ಥೆಯ ಮೂಲಕ ಐಎಂಇಐ ಬ್ಲಾಕ್ ಮಾಡಿಸಬಹುದು. ಹಾಗೆ ಮಾಡಿದರೆ ಆ ಫೋನು ಭಾರತದ ಯಾವ ಮೊಬೈಲ್ ಜಾಲದಲ್ಲೂ ಕೆಲಸ ಮಾಡುವುದಿಲ್ಲ. ಆದರೆ ಅದರೊಳಗಿದ್ದ ಸಿಮ್ ಇನ್ನೊಂದು ಫೋನಿನಲ್ಲಿ ಆರಾಮವಾಗಿ ಓಡುತ್ತದೆ. ಬ್ಲಾಕ್ ಆದ ಫೋನು ಕೂಡ ವೈಫೈನಲ್ಲಿ ಕೆಲಸ ಮಾಡಬಲ್ಲದು. ಹಾಗಾಗಿ ಹಣ ಉಳಿಸಲು ಮೊದಲು ನಿಲ್ಲಿಸಬೇಕಾದ್ದು ಸಿಮ್ ಅನ್ನು, ಫೋನನ್ನಲ್ಲ.

ಇಲ್ಲೊಂದು ಸಣ್ಣ ತೊಡಕಿದೆ. ಸಿಇಐಆರ್‌ನಲ್ಲಿ ಅರ್ಜಿ ಹಾಕಲು ಪೊಲೀಸ್ ದೂರಿನ ಪ್ರತಿ ಬೇಕು, ಒಟಿಪಿ ಕೂಡ ಬರಬೇಕು. ಒಟಿಪಿಗಾಗಿ ಹೊಸ ಸಿಮ್ ತಂದರೆ ಅದರಲ್ಲಿ ಮೊದಲ 24 ಗಂಟೆ ಎಸ್ಎಂಎಸ್ ಸೌಲಭ್ಯ ಇರುವುದಿಲ್ಲ. ಯಾರೋ ನಿಮ್ಮ ಹೆಸರಿನಲ್ಲಿ ಸಿಮ್ ಪಡೆದು ಮೋಸ ಮಾಡುವುದನ್ನು ತಡೆಯಲೆಂದೇ ಸರ್ಕಾರ ಮಾಡಿದ ಏರ್ಪಾಡು ಅದು. ಒಟಿಪಿ ಬರಲಿಲ್ಲವೆಂದು ಗಾಬರಿಯಾಗಬೇಡಿ. ಆದರೆ ಅದಕ್ಕಾಗಿ ಕಾಯುತ್ತಾ ಬ್ಯಾಂಕಿಗೆ ಹೇಳುವುದನ್ನು ಮುಂದೂಡಲೂ ಬೇಡಿ.

ಮೂರು ದಿನದ ನಿಯಮ

ಈಗ ಮುಖ್ಯ ವಿಷಯಕ್ಕೆ ಬರೋಣ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರ ಪಾಲಿಗೆ ಎಂಬುದನ್ನು ಅದು ಹಂಚಿಕೊಟ್ಟಿತು. ಅದೇ ವರ್ಷದ ಕೊನೆಯಲ್ಲಿ ಸಹಕಾರಿ ಬ್ಯಾಂಕುಗಳಿಗೂ, 2019ರ ಜನವರಿಯಲ್ಲಿ ವಾಲೆಟ್ ಕಂಪನಿಗಳಿಗೂ ಇದೇ ಬಗೆಯ ನಿಯಮ ಬಂತು.

ಅದರ ತಿರುಳು ಹೀಗಿದೆ. ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಹೊಣೆ ಸೊನ್ನೆ, ಹೇಳಿದರೂ ಹೇಳದಿದ್ದರೂ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರದು ಎಂದಾದರೆ ಬ್ಯಾಂಕಿನಿಂದ ಮಾಹಿತಿ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಸೊನ್ನೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಹೊಣೆಗೆ ಮಿತಿ ಇದೆ: ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ, 5 ಲಕ್ಷ ರೂಪಾಯಿಗೆ ಮೀರಿದ ಮಿತಿಯ ಕ್ರೆಡಿಟ್ ಕಾರ್ಡಿಗೆ 25,000 ರೂಪಾಯಿ. ಹೋದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನು ಹೇಳುತ್ತದೋ ಅದು. ಮಾಹಿತಿ ಸಿಕ್ಕ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ರಜಾ ದಿನಗಳನ್ನೂ ಹಿಡಿಯುವುದಿಲ್ಲ.

ಇನ್ನು ಗ್ರಾಹಕರ ಅಜಾಗರೂಕತೆ, ಅಂದರೆ ಪಿನ್ ಅಥವಾ ಒಟಿಪಿಯನ್ನು ತಾವೇ ಯಾರಿಗೋ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಗಮನಿಸಿ, ತಿಳಿಸುವವರೆಗಿನದು ಮಾತ್ರ. ತಿಳಿಸಿದ ಮೇಲೆ ಒಂದು ರೂಪಾಯಿ ಹೋದರೂ ಅದು ಬ್ಯಾಂಕಿನ ತಲೆಗೆ. ಬ್ಯಾಂಕಿಗೆ ಫೋನ್ ಮಾಡಿ ದೂರು ಸಂಖ್ಯೆ ಪಡೆದ ಆ ಒಂದು ನಿಮಿಷ ಏಕೆ ಅಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಫೋನ್ ಕಳುವಾದವರ ವಿಷಯದಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಬ್ಯಾಂಕು ಇದನ್ನು ಅಜಾಗರೂಕತೆ ಎನ್ನುತ್ತದೆ, ಗ್ರಾಹಕರು ಮೂರನೆಯವರ ಕೃತ್ಯ ಎನ್ನುತ್ತಾರೆ. ಫೋನ್ ಕಳುವಾಗುವುದೂ ಪಿನ್ ಹಂಚಿಕೊಳ್ಳುವುದೂ ಒಂದೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಬಸ್ಸಿನ ನೂಕುನುಗ್ಗಲಲ್ಲಿ ಜೇಬು ಕತ್ತರಿಸಿಕೊಂಡವರನ್ನು "ನೀವೇ ಹಣ ಕೊಟ್ಟಿರಿ" ಎನ್ನಲಾಗದು. ಅದಕ್ಕಿಂತ ಗಟ್ಟಿಯಾದ ಆಧಾರ ಸುತ್ತೋಲೆಯಲ್ಲೇ ಇದೆ: ಹೊಣೆ ಗ್ರಾಹಕರದು ಎಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. "ಪಿನ್ ಬಳಕೆಯಾಗಿದೆ" ಎಂಬ ಒಂದು ಸಾಲು ಆ ರುಜುವಾತು ಆಗುವುದಿಲ್ಲ.

ಈ ಮಾತು ಬರೀ ಕಾಗದದ ಮೇಲಿಲ್ಲ. 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಅಸ್ಸಾಮಿನ ಒಂದು ಪ್ರಕರಣದಲ್ಲಿ, ಗ್ರಾಹಕರಿಗೆ ಸುಮಾರು 94 ಸಾವಿರ ರೂಪಾಯಿ ಹಿಂದಿರುಗಿಸಬೇಕೆಂಬ ಗುವಾಹಟಿ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಒಟಿಪಿ ಹಂಚಿಕೊಂಡಿದ್ದರಿಂದಲೇ ಹಣ ಹೋಯಿತೆಂದು ಸ್ಟೇಟ್ ಬ್ಯಾಂಕ್ ವಾದಿಸಿತ್ತು. ಅದು ಫೋನ್ ಕಳವಿನ ಪ್ರಕರಣವಲ್ಲ, ಆನ್‌ಲೈನ್ ವಂಚನೆಯದು. ಆದರೂ ಅಲ್ಲಿ ಗ್ರಾಹಕರ ಪರ ನಿಂತ ಮುಖ್ಯ ಸಂಗತಿ ಅವರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದು.

ಇನ್ನೊಂದು ಸ್ವಾರಸ್ಯದ ಪ್ರಶ್ನೆ. ಮೂರು ದಿನದ ಲೆಕ್ಕ ಶುರುವಾಗುವುದು ಬ್ಯಾಂಕಿನ ಮಾಹಿತಿ ಗ್ರಾಹಕರಿಗೆ ಸಿಕ್ಕ ಮೇಲೆ. ಆದರೆ ಹಣ ಹೋದ ಎಸ್ಎಂಎಸ್ ಬಂದದ್ದು ಕದ್ದ ಸಿಮ್ಮಿಗೆ! ಅದನ್ನು ಓದಿದವನು ಕಳ್ಳ. ಹಾಗಾದರೆ ಮಾಹಿತಿ ಸಿಕ್ಕಿದ್ದು ಯಾವಾಗ? ದೂರಿನಲ್ಲಿ ಈ ಅಂಶವನ್ನು ಸ್ಪಷ್ಟವಾಗಿ ಬರೆಯಬೇಕು, ಇದು ನ್ಯಾಯವಾದ ವಾದ. ಹಾಗೆಂದು ಇದನ್ನೇ ನಂಬಿ ನಿಧಾನ ಮಾಡುವುದು ಜಾಣತನವಲ್ಲ.

ಏನನ್ನು ಕೇಳಬೇಕು?

"ನನ್ನ ಹಣ ಹೋಗಿದೆ, ದಯವಿಟ್ಟು ಕೊಡಿಸಿ" ಎಂಬ ಅರ್ಜಿಗೆ ಬೆಲೆ ಕಡಿಮೆ. ದೂರಿನಲ್ಲಿ ಸಮಯ ಇರಬೇಕು. ಫೋನ್ ಕೊನೆಯ ಸಲ ನಿಮ್ಮ ಕೈಯಲ್ಲಿದ್ದದ್ದು ಎಷ್ಟು ಗಂಟೆಗೆ, ಸಿಮ್ ಬಂದ್ ಮಾಡಿಸಿದ್ದು ಎಷ್ಟಕ್ಕೆ, ಬ್ಯಾಂಕಿನ ಸಹಾಯವಾಣಿಗೆ ಹೇಳಿದ್ದು ಎಷ್ಟಕ್ಕೆ, ದೂರು ಸಂಖ್ಯೆ ಏನು, ಪ್ರತಿ ವ್ಯವಹಾರ ನಡೆದದ್ದು ಯಾವ ಹೊತ್ತಿಗೆ. ಸಿಮ್ ಬಂದ್ ಆದ ಸಮಯವನ್ನು ಮೊಬೈಲ್ ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಆಮೇಲೆ ಬ್ಯಾಂಕಿಗೆ ಎರಡು ಪ್ರಶ್ನೆ ಕೇಳಿ. ಈ ವ್ಯವಹಾರ ನಡೆದದ್ದು ನಾನು ಮೊದಲಿನಿಂದ ಬಳಸುತ್ತಿದ್ದ ಫೋನಿನಿಂದಲೋ, ಹೊಸದಾಗಿ ನೋಂದಣಿಯಾದ ಫೋನಿನಿಂದಲೋ? ಯುಪಿಐ ಪಿನ್ ಕೊನೆಯ ಬಾರಿ ಬದಲಾದದ್ದು ಯಾವಾಗ? ಪಿನ್ ಬದಲಾದದ್ದು ಫೋನ್ ಕಳುವಾದ ನಂತರ ಎಂದಾದರೆ, ಗ್ರಾಹಕರು ತಮ್ಮ ಪಿನ್ ಹೇಳಿಕೊಟ್ಟರು ಎಂಬ ಆರೋಪವೇ ಬಿದ್ದುಹೋಗುತ್ತದೆ. ಹೇಳಿಕೊಟ್ಟಿದ್ದರೆ ಕಳ್ಳ ಹೊಸ ಪಿನ್ ಇಡುವ ಕಷ್ಟಕ್ಕೆ ಹೋಗುತ್ತಿರಲಿಲ್ಲವಲ್ಲ. ಈ ದಾಖಲೆಗಳು ಬ್ಯಾಂಕಿನ ಬಳಿ ಇರುತ್ತವೆ, ನಮ್ಮ ಬಳಿ ಇರುವುದಿಲ್ಲ. ಕೇಳಿದರೂ ಕೊಡದಿದ್ದರೆ ಅದನ್ನೂ ಮುಂದಿನ ಹಂತದಲ್ಲಿ ಹೇಳಬಹುದು.

ಸುತ್ತೋಲೆಯ ಪ್ರಕಾರ ದೂರು ಬಂದ 10 ಕೆಲಸದ ದಿನಗಳೊಳಗೆ ಬ್ಯಾಂಕು ವಿವಾದದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇದರ ಜೊತೆಗೆ 1930 ಸಂಖ್ಯೆಗೆ ಕರೆ ಮಾಡುವುದನ್ನು ಮರೆಯಬಾರದು. ಹಣ ಕಳ್ಳನ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಾರುವ ಮೊದಲು ತಡೆಹಿಡಿಯುವ ವ್ಯವಸ್ಥೆ ಅದು. ಬೇಗ ಹೇಳಿದಷ್ಟೂ ಸಿಗುವ ಸಾಧ್ಯತೆ ಹೆಚ್ಚು.

ಪೊಲೀಸ್ ಠಾಣೆಯಲ್ಲಿ "ಕಳೆದುಹೋಗಿದೆ ಅಂತ ಬರೆದುಕೊಡಿ, ಬೇಗ ಮುಗಿಯುತ್ತೆ" ಎಂಬ ಸಲಹೆ ಸಿಗುವುದುಂಟು. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಮನೆಯಲ್ಲೇ ಕೂತು ಸ್ವೀಕೃತಿ ಪಡೆಯಬಹುದು ನಿಜ. ಹೊಸ ಸಿಮ್ ಪಡೆಯಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದು ಕಳೆದುಹೋದ ವಸ್ತುವಿನ ವರದಿ ಮಾತ್ರ, ಅದರ ಮೇಲೆ ತನಿಖೆ ನಡೆಯುವುದಿಲ್ಲ. ಹಣದ ವಿವಾದ ಇರುವಾಗ "ಕಳೆದುಕೊಂಡೆ" ಎಂದು ಬರೆದುಕೊಟ್ಟರೆ ಅಜಾಗರೂಕತೆಯ ವಾದಕ್ಕೆ ನಾವೇ ಕಾಗದ ಒದಗಿಸಿದಂತೆ. ಕದ್ದಿದ್ದರೆ ಕದ್ದಿದ್ದಾರೆ ಎಂದೇ ಬರೆಯಬೇಕು, ಎಫ್ಐಆರ್ ಪ್ರತಿ ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಬಿಲ್ ಮೊಬೈಲ್ ಕಂಪನಿಯದಾದರೆ?

ಭಾರತದಲ್ಲಿ ಬಹುಪಾಲು ಪ್ರೀಪೇಯ್ಡ್ ಸಂಪರ್ಕಗಳೇ ಇರುವುದರಿಂದ ಇದು ಅಷ್ಟು ಸಾಮಾನ್ಯವಲ್ಲ. ಪೋಸ್ಟ್‌ಪೇಯ್ಡ್ ಇರುವವರಿಗೆ, ಅದರಲ್ಲೂ ವಿದೇಶ ಪ್ರವಾಸದಲ್ಲಿ ರೋಮಿಂಗ್ ಹಾಕಿಸಿಕೊಂಡವರಿಗೆ, ದೊಡ್ಡ ಅಪಾಯ. ಕದ್ದ ಸಿಮ್‌ನಿಂದ ದುಬಾರಿ ದರದ ಅಂತಾರಾಷ್ಟ್ರೀಯ ಸಂಖ್ಯೆಗಳಿಗೆ ಗಂಟೆಗಟ್ಟಲೆ ಕರೆ ಮಾಡುವುದು ಹಳೆಯ ದಂಧೆ. ಆ ಸಂಖ್ಯೆಗಳ ವರಮಾನದಲ್ಲಿ ಕಳ್ಳರಿಗೂ ಪಾಲು ಇರುತ್ತದೆ. ಬ್ರಿಟನ್ನಿನಲ್ಲಿ ಇಂತಹ ಬಿಲ್ಲುಗಳ ಗಲಾಟೆ ಹೆಚ್ಚಾಗಿ, 2015ರಲ್ಲಿ ಕೆಲವು ಕಂಪನಿಗಳು 24 ಗಂಟೆಯೊಳಗೆ ತಿಳಿಸಿದವರ ಹೊಣೆಯನ್ನು 100 ಪೌಂಡಿಗೆ ಮಿತಿಗೊಳಿಸಲು ಒಪ್ಪಿದವು. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹಾಕಿದಂತಹ ಮಿತಿ ನಮ್ಮಲ್ಲಿ ಮೊಬೈಲ್ ಕಂಪನಿಗಳಿಗೂ ಇರಬೇಕಿತ್ತು.

ಸದ್ಯಕ್ಕೆ ದಾರಿ ಹೀಗಿದೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಡಾಕೆಟ್ ಸಂಖ್ಯೆ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್‌ನ 2012ರ ನಿಯಮದ ಪ್ರಕಾರ ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ತೀರ್ಮಾನವಾಗಬೇಕು. ಟ್ರಾಯ್ ಸ್ವತಃ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ, ಅಲ್ಲಿಗೆ ಪತ್ರ ಬರೆದು ಕಾಯುವುದು ವ್ಯರ್ಥ.

"ಟೆಲಿಫೋನ್ ಬಿಲ್ ವಿಷಯ ಗ್ರಾಹಕರ ನ್ಯಾಯಾಲಯಕ್ಕೆ ಬರಲ್ಲ" ಎಂದು ಕೆಲವರು ಈಗಲೂ ಹೇಳುತ್ತಾರೆ. 2009ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಹುಟ್ಟಿದ ಮಾತದು. ಅದು ಈಗ ಹಳತಾಯಿತು. ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ ಬರುತ್ತಿದ್ದವರಿಗೆ ಒಂದು ತಿಂಗಳು 24 ಸಾವಿರಕ್ಕೂ ಹೆಚ್ಚು ಬಿಲ್ ಬಂದ ಗುಜರಾತಿನ ಪ್ರಕರಣದಲ್ಲಿ, 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಇಂತಹ ದೂರುಗಳನ್ನು ಗ್ರಾಹಕ ಆಯೋಗ ಕೇಳಬಹುದು ಎಂದಿತು. ಘಟನೆ ನಡೆದ ಎರಡು ವರ್ಷದೊಳಗೆ ನಿಮ್ಮ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ. ವಿವಾದದ ಬಿಲ್ ಬಂದಾಗ ನಿಮ್ಮ ಮಾಮೂಲು ಬಾಡಿಗೆಯಷ್ಟನ್ನು ಕಟ್ಟಿ, ಉಳಿದದ್ದಕ್ಕೆ ಬರವಣಿಗೆಯಲ್ಲಿ ತಕರಾರು ಸಲ್ಲಿಸುವುದು ಒಳ್ಳೆಯದು. ಏನೂ ಹೇಳದೆ ಸುಮ್ಮನೆ ಬಿಟ್ಟರೆ ಬಾಕಿದಾರರ ಪಟ್ಟಿಗೆ ಹೆಸರು ಸೇರುತ್ತದೆ.

ಇವತ್ತೇ ಮಾಡಬಹುದಾದ ಒಂದೆರಡು ಕೆಲಸ: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿಕೊಳ್ಳಿ. ಆಗ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಪಿನ್ ಇಲ್ಲದೆ ಅದು ತೆರೆದುಕೊಳ್ಳುವುದಿಲ್ಲ. ಮೂರು ಸಲ ತಪ್ಪು ಒತ್ತಿದರೆ ಸಿಮ್ ಲಾಕ್ ಆಗಿ ಪಿಯುಕೆ ಸಂಖ್ಯೆ ಕೇಳುತ್ತದೆ, ಹಾಗಾಗಿ ಅಂದಾಜಿನ ಮೇಲೆ ಒತ್ತಬೇಡಿ, ಮೊದಲಿನ ಪಿನ್ ಏನೆಂದು ಕಂಪನಿಯನ್ನೇ ಕೇಳಿ. *#06# ಒತ್ತಿದಾಗ ಬರುವ ಐಎಂಇಐ ಸಂಖ್ಯೆ, ಬ್ಯಾಂಕಿನ ಮತ್ತು ಮೊಬೈಲ್ ಕಂಪನಿಯ ಸಹಾಯವಾಣಿ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಫೋನಿನಲ್ಲೇ ಬರೆದಿಟ್ಟುಕೊಂಡರೆ ಬೇಕಾದ ಹೊತ್ತಿಗೆ ಅದು ಕಳ್ಳನ ಬಳಿ ಇರುತ್ತದೆ.