ಉದ್ಯಾನವೂ ಆರೋಗ್ಯ ಕೇಂದ್ರವೇ

ಬಡಾವಣೆಯ ಉದ್ಯಾನಗಳು ‘ಖಾಲಿ ಬಿದ್ದಿವೆ’, ಅಲ್ಲಿ ಆಸ್ಪತ್ರೆ ಕಟ್ಟಿದರೆ ಜನರಿಗೆ ಹೆಚ್ಚು ಉಪಯೋಗ ಎಂಬ ಅಭಿಪ್ರಾಯವನ್ನು ಒಪ್ಪಲಾಗದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಪ್ರಕರಣದಲ್ಲಿ ಇದೇ ವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಉದ್ಯಾನಕ್ಕೆ ಮೀಸಲಾದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟದ್ದು ತಪ್ಪೆಂದು 1991ರಲ್ಲೇ ನ್ಯಾಯಾಲಯ ಹೇಳಿತು.

ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಿಮ್ಮಿಗೆ ಹಣ ಕೊಡಲಾಗದ ಮನೆಯ ಮಗು ಎಲ್ಲಿ ಓಡಬೇಕು? ಮಧುಮೇಹವಿರುವ ಅಜ್ಜಿ ವಾಹನಗಳ ನಡುವೆ ನಡೆಯಬೇಕೆ?

ಆಸ್ಪತ್ರೆ ಬೇಕು, ನಿಜ. ಅದಕ್ಕೆ ಬೇರೆ ಜಾಗ ಹುಡುಕಬಹುದು. ಕಳೆದುಕೊಂಡ ಆಟದ ಬಯಲು ಮತ್ತೆ ಸಿಗದು. ರೋಗ ಬಂದ ಮೇಲೆ ಮಂಚ ಒದಗಿಸುವ ಮೊದಲು, ರೋಗ ಬಾರದಂತೆ ಕಾಯುವ ನೆಲವನ್ನು ಉಳಿಸೋಣ.