ಕ್ರಿಸ್‌ಮಸ್ ರಜೆ, ಫಾರಿನ್ ಟೂರು, ನಮ್ಮನೆ ಎರಡು ಹಸು

ಹೋದ ಭಾನುವಾರ ಅಳಿಯಂದಿರು ಮೊಬೈಲಲ್ಲಿ ಒಂದು ಪ್ಯಾಕೇಜ್ ತೋರಿಸಿದ್ರು. ಥಾಯ್ಲೆಂಡ್, ನಾಲ್ಕು ರಾತ್ರಿ ಐದು ಹಗಲು, ಡಿಸೆಂಬರ್ 24ಕ್ಕೆ ಹೊರಡೋದು. ತಲೆಗೆ 68 ಸಾವಿರ. ನಾವಿಬ್ರು, ಮಗಳು, ಅಳಿಯ, ಮೊಮ್ಮಗ, ಐದು ಜನಕ್ಕೆ 3 ಲಕ್ಷ 40 ಸಾವಿರ. "ಮಾವ, ನೀವೇನೂ ಕೊಡೋದು ಬೇಡ, ಇಎಂಐ ಹಾಕ್ಸಿದ್ರೆ ಗೊತ್ತೇ ಆಗಲ್ಲ" ಅಂದ್ರು. ಅಳಿಯಂದಿರ ಮುಂದೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನೋಡೋಣ ಅಂದೆ.

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ನಮ್ಮ ಎರಡು ಹಸು ಸೇರಿ ದಿನಕ್ಕೆ 18 ಲೀಟರ್. ಲೀಟರಿಗೆ 36 ರೂಪಾಯಿ ಕೈಗೆ ಬರುತ್ತೆ ಅಂತ ಇಟ್ಕೊಂಡ್ರೂ, ಹಿಂಡಿ ಬೂಸಾ ಖರ್ಚು ಕಳೀದೇನೇ ಹದಿನೇಳು ತಿಂಗಳು ಡೈರಿಗೆ ಹಾಲು ಹಾಕಬೇಕು. ಐದು ದಿನಕ್ಕೆ ಹದಿನೇಳು ತಿಂಗಳ ಹಾಲು! ಅಳಿಯಂದಿರ ಸಂಬಳದ ಲೆಕ್ಕ ಬೇರೆ ಇರಬಹುದು. ಆದ್ರೆ ಕಂತು ಕಟ್ಟೋದು ನನ್ನ ಮಗಳ ಮನೆಯಿಂದ ತಾನೆ.

ಹಾಗಂತ ರೈತ ಫಾರಿನ್ನಿಗೆ ಹೋಗಬಾರದು ಅನ್ನೋನಲ್ಲ ನಾನು. ಊರಲ್ಲಿ ವಿಷಯ ಬಾಯಿಬಿಟ್ಟ ತಕ್ಷಣ ಒಬ್ಬರು "ಅಷ್ಟು ದುಡ್ಡಿದ್ರೆ ಇನ್ನೊಂದು ಬೋರ್ ತೆಗ್ಸಣ್ಣ" ಅಂದ್ರು. ನೀರು ಬೀಳದ ಬೋರಿಗೆ ಸುರಿದ ದುಡ್ಡಿಗೆ ಯಾರೂ ನಗಲ್ಲ. ಹೆಂಡ್ತಿನ ಕರ್ಕೊಂಡು ನಾಲ್ಕು ದಿನ ಊರು ನೋಡ್ತೀನಿ ಅಂದ್ರೆ ನಗ್ತಾರೆ. ನಮ್ಮ ಮದುವೆಯಾಗಿ 31 ವರ್ಷ. ಬಾಣಂತನ ಬಿಟ್ರೆ ಅವಳು ಕೊಟ್ಟಿಗೆ ಬಿಟ್ಟು ಸತತ ಮೂರು ರಾತ್ರಿ ಹೊರಗೆ ಮಲಗಿದ್ದು ನನಗೆ ನೆನಪಿಲ್ಲ.

ಇನ್ನೊಂದು ಮಾತು. ಕ್ರಿಸ್‌ಮಸ್ ವಾರ ನಮ್ಮ ಹಬ್ಬ ಅಲ್ಲದಿದ್ರೂ ನಮ್ಮ ಕಡೆ ರೈತನಿಗೆ ಅಷ್ಟು ಹೊಂದೋ ವಾರ ಇನ್ನೊಂದಿಲ್ಲ. ದಸರಾ ರಜೆಯಲ್ಲಿ ರಾಗಿ ಹೊಲದಲ್ಲೇ ಇರುತ್ತೆ, ಬಿಟ್ಟು ಹೋಗೋಕಾಗಲ್ಲ. ಬೇಸಿಗೆ ರಜೆಯಲ್ಲಿ ಮದುವೆ, ಜಾತ್ರೆ, ಆಮೇಲೆ ಉಳುಮೆ. ಡಿಸೆಂಬರ್ ಮೂರನೇ ವಾರದ ಹೊತ್ತಿಗೆ ಕುಯ್ಲು ಮುಗಿದು ಮೆದೆ ಕೂತಿರುತ್ತೆ, ಒಕ್ಕಣೆ ಸಂಕ್ರಾಂತಿ ಆದ್ಮೇಲೆ. ಧನುರ್ಮಾಸ ಆದ್ದರಿಂದ ಮದುವೆ, ಗೃಹಪ್ರವೇಶ ಯಾವುದೂ ಇಲ್ಲ, ಹೋಗದಿದ್ರೆ ಬೇಜಾರು ಮಾಡ್ಕೊಳ್ಳೋರೂ ಇಲ್ಲ. ಬೆಂಗಳೂರಲ್ಲಿ ಮೊಮ್ಮಗನ ಸ್ಕೂಲಿಗೂ ರಜೆ. ಕೆಟ್ಟದ್ದು ಒಂದೇ: ಅದೇ ವಾರ ಎಲ್ಲರೂ ಹೊರಡ್ತಾರೆ. ಥಾಯ್ಲೆಂಡು, ಶ್ರೀಲಂಕಾ, ದುಬೈ ಎಲ್ಲಾ ಕಡೆ ಆಗಲೇ ಸೀಸನ್. ವಿಮಾನ, ರೂಮು ಎಲ್ಲದಕ್ಕೂ ಏರು ರೇಟು. ಹಬ್ಬದ ಹಿಂದಿನ ದಿನ ಸೇವಂತಿಗೆ ಕೊಂಡ ಹಾಗೆ.

ದಾರಿ ತೋರಿಸಿದ್ದು ನನ್ನ ಹೆಂಡ್ತಿ. ಬೆಳಿಗ್ಗೆ ಹಾಲು ಕರೀತಾ, ತಲೆ ಎತ್ತದೇನೇ, "ರೀ, ನೇಪಾಳನೂ ಫಾರಿನ್ನೇ ಅಲ್ವಾ? ಪಶುಪತಿನಾಥ ಇರೋದು ಅಲ್ಲೇ ತಾನೆ?" ಅಂದ್ಲು. ನಾನು ಸುಮ್ಮನಾದೆ. ಎಷ್ಟು ದಿನದಿಂದ ಮನಸ್ಸಲ್ಲಿ ಇಟ್ಕೊಂಡಿದ್ಲೋ.

ಆಮೇಲೆ ಎರಡು ದಿನ ವಿಚಾರಿಸಿದೆ. ನೇಪಾಳಕ್ಕೆ ಸೀಸನ್ ಅಂದ್ರೆ ಅಕ್ಟೋಬರ್, ನವೆಂಬರ್, ಮತ್ತೆ ಮಾರ್ಚ್, ಏಪ್ರಿಲ್. ಡಿಸೆಂಬರಲ್ಲಿ ಚಳಿ ಅಂತ ಜನ ಕಮ್ಮಿ, ರೂಮಿನವರು ಚೌಕಾಸಿಗೆ ಬಗ್ತಾರೆ. ಆಕಾಶ ತಿಳಿಯಾಗಿದ್ದು ಹಿಮದ ಬೆಟ್ಟ ಕಾಣೋದೂ ಆಗಲೇ. ಭಾರತದವರಿಗೆ ವೀಸಾ ಬೇಡ, ಪಾಸ್‌ಪೋರ್ಟೂ ಬೇಡ, ವೋಟರ್ ಕಾರ್ಡ್ ಸಾಕು. ಆಧಾರ್ ನಂಬ್ಕೊಂಡು ಹೋಗಬೇಡಿ, 65 ವರ್ಷದೊಳಗಿನ ದೊಡ್ಡವರಿಗೆ ಅದು ನಡೆಯಲ್ಲ. 15 ವರ್ಷದೊಳಗಿನ ಮಕ್ಕಳಿಗೆ ವಯಸ್ಸು ತೋರಿಸೋ ಫೋಟೋ ಇರುವ ದಾಖಲೆ ಇದ್ರೆ ಆಯ್ತು. ನಮ್ಮ 100 ರೂಪಾಯಿಗೆ ಅಲ್ಲಿ 160 ರೂಪಾಯಿ, ಈ ರೇಟು ದಿನಾ ಬದಲಾಗಲ್ಲ. ಪಶುಪತಿನಾಥನ ಪೂಜೆ ಮಾಡೋ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು, ಈಗ ನಮ್ಮ ಕರಾವಳಿ ಕಡೆಯವರೇ ಇದ್ದಾರಂತೆ ಅಂದಾಗ ಅವಳ ಮುಖ ನೋಡಬೇಕಿತ್ತು.

(ಬೇರೆ ದೇಶಕ್ಕೆ ಹೋಗೋರಿಗೆ ಒಂದು ವಿಷಯ. ಪಾಸ್‌ಪೋರ್ಟಿಗೆ 1500 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಎಸ್ಸೆಸ್ಸೆಲ್ಸಿ ಆಗದ, 50 ತುಂಬದವರಿಗೆ ಸಾಮಾನ್ಯವಾಗಿ ಇಸಿಆರ್ ಗುರುತು ಹಾಕ್ತಾರೆ. ಅದು ಗಲ್ಫಿನಂಥ ಕಡೆ ಕೂಲಿಗೆ ಹೋಗೋರ ರಕ್ಷಣೆಗೆ ಇರೋದು, ಟೂರಿಗೆ ಅಡ್ಡಿ ಇಲ್ಲ. ಹೆದರಿಸಿ ದುಡ್ಡು ಕೀಳೋ ಏಜೆಂಟರಿದ್ದಾರೆ, ಹುಷಾರು.)

ಕಷ್ಟಾನೂ ಹೇಳಿಬಿಡ್ತೀನಿ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ, ಎರಡು ದಿನದ ಹಾದಿ. ಅಲ್ಲಿಂದ ಬಸ್ಸಲ್ಲಿ ಸುನೌಲಿ ಗಡಿ. ದಾಟಿದ್ರೆ ಬುದ್ಧ ಹುಟ್ಟಿದ ಲುಂಬಿನಿ ಹತ್ತಿರ, ಕಠ್ಮಂಡುವಿಗೆ ಮಾತ್ರ ಇಡೀ ಹಗಲು ಬಸ್ಸು. ಡಿಸೆಂಬರಲ್ಲಿ ಉತ್ತರದ ಕಡೆ ಮಂಜು, ರೈಲು ಗಂಟೆಗಟ್ಟಲೆ ತಡ, ಹೋಗ್ತಾ ಬರ್ತಾ ಒಂದೊಂದು ದಿನ ಖಾಲಿ ಇಟ್ಕೋಬೇಕು. ಬೆಳಗಿನ ಜಾವ 2–3 ಡಿಗ್ರಿ ಚಳಿ, ಅಗ್ಗದ ರೂಮಲ್ಲಿ ಹೀಟರ್ ಇರಲ್ಲ. ಹೀಗಾಗಿ ನಾವಿಬ್ರು ರೈಲಲ್ಲಿ ಮೊದಲೇ ಹೊರಡೋದು, ಮಗಳ ಮನೆಯವರು ರಜೆ ಸಿಕ್ಕಮೇಲೆ ವಿಮಾನದಲ್ಲಿ ಬಂದು ಕಠ್ಮಂಡುವಲ್ಲಿ ಸೇರೋದು. ಎರಡು ಹಗಲು ರೈಲಿನ ಕಿಟಕಿಯಲ್ಲಿ ಬೇರೆಯವರ ಹೊಲ ನೋಡ್ಕೊಂಡು ಹೋಗೋದು ನನಗಂತೂ ಶಿಕ್ಷೆ ಅಲ್ಲ.

ನಮ್ಮಿಬ್ಬರ ಖರ್ಚು 40 ಸಾವಿರ ದಾಟಬಾರದು ಅಂತ ಗೆರೆ ಎಳೆದಿದ್ದೀನಿ. ಕೊಬ್ಬರಿ ಮಾರಿದ್ದು ಎತ್ತಿಟ್ಟಿದ್ದೀನಿ, ಸಾಲ ಇಲ್ಲ.

ಉಳಿದದ್ದು ಹಸು. ಕೆಂದಿ ಫೆಬ್ರವರಿ ಎರಡನೇ ವಾರ ಕರು ಹಾಕಬೇಕು, ಅಷ್ಟೊತ್ತಿಗೆ ಹಾಲು ಬತ್ತಿಸಿರ್ತೀವಿ. ಇನ್ನೊಂದು ಹೊಸ ಕೈಗೆ ಸೊರೆ ಬಿಡಲ್ಲ. ಭಾಮೈದ ಹತ್ತು ದಿನ ಮೊದಲೇ ಬಂದು ಇವಳ ಪಕ್ಕ ಕೂತು ಕರೆದು ರೂಢಿ ಮಾಡ್ಕೊಳ್ತೀನಿ ಅಂದಿದ್ದಾನೆ. ಅವನು ಒಪ್ಪದಿದ್ರೆ ಈ ಬರಹಾನೇ ಇರ್ತಿರಲಿಲ್ಲ.

ಅಳಿಯಂದಿರಿಗೆ ನಿನ್ನೆ ಫೋನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಮೊಮ್ಮಗನಿಗೆ ಸಮುದ್ರ ಬೇಕಿತ್ತಂತೆ. ಬೇಸಿಗೆಗೆ ಮುರುಡೇಶ್ವರಕ್ಕೆ ಕರ್ಕೊಂಡು ಹೋಗ್ತೀನಿ ಅಂದೆ. ಕೊನೆಗೆ "ಆಯ್ತು ಮಾವ, ಅತ್ತೆಗೋಸ್ಕರ" ಅಂದ್ರು.

ರೈಲಿನ ಬುಕಿಂಗ್ 60 ದಿನ ಮುಂಚೆ, ಬೆಳಿಗ್ಗೆ 8 ಗಂಟೆಗೆ ಓಪನ್ ಆಗುತ್ತೆ. ಆವತ್ತು ಡೈರಿಗೆ ಹಾಲು ಹಾಕಿ ಬಂದವನೇ ಮೊಬೈಲ್ ಹಿಡ್ಕೊಂಡು ಜಗಲಿ ಮೇಲೆ ಕೂರ್ತೀನಿ. ಎರಡೂ ಲೋಯರ್ ಬರ್ತ್ ಸಿಗಲಿ ಅಂತ ಹಾರೈಸಿ.